ಬಾತುಕೋಳಿ ಅಂಟಿಸಿದ ರಕ್ತದ ಕೊಳವೆ

ನನ್ನ ಹಿಮ್ಮಡಿಯ ಕಪ್ಪು ಮಚ್ಚೆ ಚರ್ಮದ ಕ್ಯಾನ್ಸರ್ ಎಂದು ತಿಳಿದು, ಅದನ್ನು ತೆಗೆಸಿ ಎರಡು ವರ್ಷವಾಗಿತ್ತು. ಪೂರ್ತಿ ತೆಗೆದಿದ್ದೇವೆ ಎಂದು ಡಾಕ್ಟರ್ ಹೇಳಿದ್ದರೂ, ಅದು ಆಗಲೇ ಮೈಯೊಳಗೆ ಬೇರೆಲ್ಲಿಗಾದರೂ ಹೊರಟಿದೆಯೇ ಎಂಬುದು ಯಾರಿಗೂ ಖಚಿತವಿರಲಿಲ್ಲ. ರೋಗ ಹರಡತೊಡಗಿದಾಗ ರಕ್ತದಲ್ಲಿ ಕೆಲವು ಪ್ರೋಟೀನ್‌ಗಳು ಏರುತ್ತವೆ. ಅವನ್ನು ಅಳೆದು ಬೇಗ ಸುಳಿವು ಹಿಡಿಯಬಹುದೇ ಎಂದು ನೋಡುವುದು ನನ್ನ ಸೊಸೆಯ ಕೆಲಸ.

"ಏರಿದ್ರೆ ಹರಡಿದೆ ಅಂತ ಅಲ್ಲ ಅತ್ತೆ, ಹುಡುಕಿ ನೋಡಿ ಅಂತ," ಎಂದು ಅವಳು ನನಗೆ ಬಿಡಿಸಿ ಹೇಳಿದ್ದಳು. ಉಳಿದ ರೋಗಿಗಳ ಜೊತೆ ನಾನೂ ಅವಳ ಅಧ್ಯಯನಕ್ಕೆ ರಕ್ತ ಕೊಡುತ್ತಿದ್ದೆ.

ಆಸ್ಪತ್ರೆಯ ಕೆಳಮಹಡಿಯಲ್ಲಿ ರಕ್ತ ತೆಗೆಯುವ ನರ್ಸ್ ಕೊಳವೆಯ ಮೇಲೆ ಬರೀ ಒಂದು ಸಂಖ್ಯೆ ಅಂಟಿಸುತ್ತಾಳೆ. ಅದು ಯಾರದೆಂಬ ಪಟ್ಟಿ ಡಾಕ್ಟರ ಬಳಿ ಮಾತ್ರ ಇರುತ್ತದೆ; ಮೇಲ್ಮಹಡಿಯಲ್ಲಿ ಪರೀಕ್ಷೆ ಮಾಡುವ ಸೊಸೆಗೆ ತಿಳಿಯಕೂಡದು. ತಿಳಿದರೆ ಮನಸ್ಸು ಬಯಸಿದ್ದನ್ನೇ ಕಣ್ಣು ಕಾಣುತ್ತದೆ ಎಂಬ ಭಯ. ನಮ್ಮ ಯಜಮಾನರಿಗೆ ಮಾತ್ರ ಈ ನಿಯಮ ಹಿಡಿಸಿರಲಿಲ್ಲ. ಅವರು ಅಂಚೆ ಕಚೇರಿಯಲ್ಲಿ ಪೊಟ್ಟಣ ವಿಂಗಡಿಸಿಯೇ ನಿವೃತ್ತರಾದವರು.

ಆ ಸಲ ರಕ್ತ ತೆಗೆದ ಮೇಲೆ ನನಗೆ ಚಳಿ ಹತ್ತಿತು. ನರ್ಸ್ ಅದನ್ನು ಕಂಡು ತನ್ನ ಸ್ವೆಟರನ್ನೇ ತಂದು ನನ್ನ ಹೆಗಲಿಗೆ ಹೊದಿಸಿದಳು. ಅವಳು ಅತ್ತ ಹೋಗಿ ಬರುವಷ್ಟರಲ್ಲಿ ಯಜಮಾನರು ಮೊಮ್ಮಗಳ ಹಳದಿ ಬಾತುಕೋಳಿ ಸ್ಟಿಕ್ಕರೊಂದನ್ನು ಜೇಬಿನಿಂದ ತೆಗೆದು ನನ್ನ ಕೊಳವೆಗೆ ಮೆತ್ತಿದ್ದರು. ಈ ಘನಕಾರ್ಯ ನನಗೆ ತಿಳಿದದ್ದು ಮರುದಿನ ಸಂಜೆ, ಸೊಸೆ ಕೆಲಸದಿಂದ ಬಂದಾಗ.

ಅವಳ ಮುಖ ಬಾಡಿತ್ತು.

"ಪ್ರೋಟೀನ್ ಏರಿದೆಯೇನಮ್ಮ?" ಎಂದೆ.

"ಗೊತ್ತಿಲ್ಲ ಅತ್ತೆ. ನಾನು ಪರೀಕ್ಷೆನೇ ಮಾಡಲಿಲ್ಲ." ಅವಳು ಮಾವನ ಕಡೆ ತಿರುಗಿದಳು. "ಮಾವ, ಟ್ಯೂಬ್ ಮೇಲೆ ನಮ್ಮನೆ ಬಾತುಕೋಳಿ ಹೇಗೆ ಬಂತು?"

ಯಜಮಾನರು ಪೇಪರನ್ನು ನಿಧಾನವಾಗಿ ಮಡಿಸಿದರು. "ಗುರುತಿರೋ ಪೊಟ್ಟಣಾನ ಯಾರೂ ಎತ್ತಿ ಎಸೆಯಲ್ಲಮ್ಮ. ನನ್ನ ಸರ್ವೀಸೆಲ್ಲ ನೋಡಿದ್ದೀನಿ. ಅತ್ತೇದು ಅಂತ ಗೊತ್ತಾದ್ರೆ ನೀನೂ ಒಂದು ಕೈ ಜಾಸ್ತಿ ಜೋಪಾನ ಮಾಡ್ತೀಯಾ ಅಂತ."

"ಮಿಕ್ಕವರದ್ದನ್ನೆಲ್ಲ ಎಸೆದಾಡ್ತೀನಾ ಮಾವ? ಯಾವುದು ಅತ್ತೇದು ಅಂತ ಗೊತ್ತಿಲ್ಲ ಅಂತಾನೇ ಇಷ್ಟು ದಿನ ಎಲ್ಲಾನೂ ಅತ್ತೇದೇ ಅನ್ನೋ ಹಾಗೆ ಹಿಡೀತಿದ್ದೆ."

ಯಜಮಾನರು ತಲೆ ಕೆರೆದುಕೊಂಡರು. ಆದರೂ ಬಾಯಿ ಸುಮ್ಮನಿರಬೇಕಲ್ಲ. "ಹೇಗೂ ಸಂಖ್ಯೆ ಗೊತ್ತಾಯ್ತು. ಹಳೇ ಲೆಕ್ಕ ಎಲ್ಲ ನಿನ್ನ ಕಂಪ್ಯೂಟರಲ್ಲೇ ಇದೆ. ಒಂದು ಸಲ ಇಣುಕಿದ್ರೆ ಏನು ಗಂಟು ಹೋಗ್ತಿತ್ತು?"

"ಇಣುಕೋಕೆ ಕೈ ತುರಿಸ್ತು ಮಾವ, ಸುಳ್ಳು ಯಾಕೆ ಹೇಳಲಿ? ಅದಕ್ಕೇ ಮೇಲಿನವರ ಹತ್ರ ಹೋಗಿ, ನನ್ನ ಪಾಸ್‌ವರ್ಡ್ ನಿಲ್ಲಿಸಿ ಅಂದೆ. ಇನ್ಮೇಲೆ ಪರೀಕ್ಷೆ, ಲೆಕ್ಕ ಎಲ್ಲ ಬೇರೆಯವರು ನೋಡ್ಕೊಳ್ತಾರೆ."

ವರ್ಷಗಟ್ಟಲೆ ಬೆನ್ನು ಬಗ್ಗಿಸಿ ಅವಳು ಕಟ್ಟಿದ ಕೆಲಸ ಅದು. ನನಗೆ ಸಂಕಟವಾಯಿತು. "ನಿನ್ನ ಕೈ ತಪ್ಪಿಹೋಯಿತಲ್ಲೇ," ಎಂದೆ.

"ಕೈ ತಪ್ಪಿದ್ರೆ ಪರವಾಗಿಲ್ಲ ಅತ್ತೆ. ಕೆಲಸ ತಪ್ಪಬಾರದು."

ಅಷ್ಟು ಹೇಳಿ, ಮೇಜಿನ ಮೇಲಿದ್ದ ಮಾವನ ಕನ್ನಡಕ ಒರೆಸಿ ಅವರ ಕೈಗಿತ್ತಳು. ಯಜಮಾನರು ಅದನ್ನು ಹಾಕಿಕೊಂಡರು, ಆದರೆ ಪೇಪರು ಬಿಡಿಸಲಿಲ್ಲ.

ಮುಂದಿನ ವಾರ ಡಾಕ್ಟರ್ ಫೋನ್ ಮಾಡಿದರು. ಬೇರೆಯವರು ಮಾಡಿದ ಪರೀಕ್ಷೆಯಲ್ಲಿ ನನ್ನ ಒಂದು ಪ್ರೋಟೀನ್ ಏರಿತ್ತು. ಮತ್ತೆ ರಕ್ತ ಕೊಟ್ಟೆ, ಆಗಲೂ ಇಳಿದಿರಲಿಲ್ಲ. ಸ್ಕ್ಯಾನ್ ಮಾಡಿಸಿದರು. ಅದರ ಫಲಿತಾಂಶ ಕೇಳಲು ಮೂವರೂ ಹೋದೆವು.

ಡಾಕ್ಟರ್ ಪರದೆಯನ್ನು ಸೊಸೆಯ ಕಡೆ ತಿರುಗಿಸಿ, ತಮ್ಮಿಬ್ಬರ ಭಾಷೆಯಲ್ಲಿ ಏನೋ ಶುರು ಮಾಡಿದರು.

ಅವಳು ಕುರ್ಚಿಯನ್ನು ಹಿಂದಕ್ಕೆ ಎಳೆದು ನನ್ನ ಪಕ್ಕಕ್ಕೆ ಬಂದಳು. "ಡಾಕ್ಟ್ರೇ, ಅತ್ತೆಗೆ ಹೇಳಿ. ಅವರ ಜೊತೆ ನಾನೂ ಕೇಳಿಸ್ಕೊಳ್ತೀನಿ."

ಆಗ ಡಾಕ್ಟರ್ ನನ್ನನ್ನು ನೋಡಿ ಹೇಳಿದರು. ತೊಡೆಸಂದಿನಲ್ಲಿ ಒಂದು ಗಡ್ಡೆ, ಮುಟ್ಟಿದರೆ ಕೈಗೂ ಸಿಗದಷ್ಟು ಸಣ್ಣದು. ಬೇರೆಲ್ಲೂ ಏನೂ ಕಾಣುತ್ತಿಲ್ಲ. ಸೊಸೆ ನನ್ನ ಕೈ ಹಿಡಿದುಕೊಂಡಳು. ಎಷ್ಟೋ ಜನರ ರಕ್ತ ಅಳೆದ ಹುಡುಗಿ, ಏನೂ ಓದದವಳ ಹಾಗೆ ಕೇಳಿದಳು:

"ಬೇಗ ಸಿಕ್ಕಿದೆ ಅಲ್ವಾ?"

ನಾನು ಕೇಳಬೇಕೆಂದಿದ್ದ ಪ್ರಶ್ನೆಯೂ ಅದೇ.

"ಬೇಗ ಸಿಕ್ಕಿದೆ. ತೆಗೆದುಬಿಡೋಣ, ಆಮೇಲೆ ಔಷಧಿ," ಎಂದರು ಡಾಕ್ಟರ್.

"ತೆಗೀರಿ," ಎಂದೆ.

ಹೊರಗೆ ಓಣಿಯಲ್ಲಿ ಅವಳು ಗೋಡೆಗೆ ಮುಖ ಮಾಡಿ ಅತ್ತಳು. ಯಜಮಾನರು ಅವಳ ಹೆಗಲಿನಿಂದ ಚೀಲ ಬಿಡಿಸಿಕೊಂಡು, ಓಡಾಡುವವರಿಗೆ ಅವಳು ಕಾಣದಂತೆ ಅಡ್ಡ ನಿಂತರು.

"ಅತ್ತುಬಿಡಮ್ಮ," ಎಂದರು. "ನಮಗೇನೂ ಅವಸರ ಇಲ್ಲ."