ಬಾತ್‌ರೂಮಿನಲ್ಲಿ ಜಾರಿ ಬಿದ್ದದ್ದು

ಆ ಮನೆಯ ಬಾತ್‌ರೂಮಿನಲ್ಲಿ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ನೆಲಕ್ಕೆ ಮಿರಿಮಿರಿ ಮಿಂಚುವ ಬಿಳಿ ಟೈಲ್ಸು. ಅಷ್ಟು ಚಿಕ್ಕ ಜಾಗಕ್ಕೆ ಮ್ಯಾಟು ಬೇಕೋ ಬೇಡವೋ ಎಂದು ಗಂಡ ಹೆಂಡತಿ ದಿನಾ ಕಚ್ಚಾಡುತ್ತಿದ್ದರು. ಗಂಡ ಕ್ಷೌರಿಕ, ಎರಡು ಬೀದಿ ಆಚೆ ಅವನ ಅಂಗಡಿ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಉಳಿದ ತುಂಡುಗಳನ್ನು ಜಡೆಯಂತೆ ಹೆಣೆದು, ಸುತ್ತಿ ಹೊಲಿದು, ದಪ್ಪನೆಯ ಮ್ಯಾಟೊಂದನ್ನು ಅವಳೇ ಮಾಡಿದ್ದಳು. ಒದ್ದೆ ಟೈಲ್ಸಿನ ಮೇಲೆ ನಡೆಯಲು ಭಯ, ಮ್ಯಾಟಿದ್ದರೆ ಪಾದಕ್ಕೆ ಹಿಡಿತ ಎಂಬುದು ಅವಳ ವಾದ. ಅಡಿಯಲ್ಲಿ ರಬ್ಬರಿಲ್ಲದ ಬಟ್ಟೆ ಮ್ಯಾಟೇ ಮೊದಲು ಜಾರುತ್ತದೆ, ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ, ಒಣಗುವುದಿಲ್ಲ, ನಾರುತ್ತದೆ ಎಂಬುದು ಅವನದು. ಅವನು ಎತ್ತಿ ಕಿಟಕಿಗೆ ನೇತುಹಾಕುವುದು, ಅವಳು ಮತ್ತೆ ತಂದು ಹಾಸುವುದು, ಹೀಗೇ ನಡೆದಿತ್ತು.

ಆ ಬೆಳಿಗ್ಗೆ ಜಗಳ ತಾರಕಕ್ಕೇರಿತು. ಅವನು ಮ್ಯಾಟನ್ನು ಹೊರಗೆಸೆದ. ಅವಳು ಎತ್ತಿ ತಂದಳು.

"ಕೊನೇ ಸಲ ಹೇಳ್ತಿದ್ದೀನಿ. ಅದನ್ನ ತೆಗೀದಿದ್ರೆ ಇವತ್ತು ನಿನ್ನ ಕೈಕಾಲು ಮುರಿಯೋದು ಗ್ಯಾರಂಟಿ" ಎಂದು ಅವನು ಕೂಗಿದ್ದು ಬಾತ್‌ರೂಮಿನ ಕಿಂಡಿಯಿಂದ ಪಕ್ಕದ ಮನೆಗೂ ಕೇಳಿಸಿತು.

ಅವಳು ಹಠಕ್ಕೆ ಬಿದ್ದು ಮ್ಯಾಟನ್ನು ಒದ್ದೆ ನೆಲದ ಮೇಲೆ ರಪ್ಪನೆ ಹಾಸಿ ಅದರ ಮೇಲೇ ಕಾಲಿಟ್ಟಳು. ಅದು ಅವಳನ್ನು ಹೊತ್ತುಕೊಂಡು ಸರ್ರನೆ ಹೋಯಿತು. ಮುಖ ನಲ್ಲಿಗೆ ಬಡಿಯಿತು. ಊರಿದ ಎಡಗೈ ಮೈಯಡಿ ಸಿಕ್ಕಿ ಮಣಿಕಟ್ಟಿನಲ್ಲಿ ಮುರಿಯಿತು. ಬಿಳಿ ನೆಲದ ಮೇಲೆ ನೆತ್ತರು ನೀರಿನೊಂದಿಗೆ ಬೆರೆತು ಹರಿಯುವುದನ್ನು ನೋಡಿ ಗಂಡನ ಜೀವವೇ ಬಾಯಿಗೆ ಬಂತು. ಅವಳನ್ನು ಎತ್ತಿಕೊಂಡೇ ಓಡಿದ.

ಆಸ್ಪತ್ರೆಯಲ್ಲಿ ತುಟಿಗೆ ಹೊಲಿಗೆ ಬಿತ್ತು, ಕೈಗೆ ಪ್ಲಾಸ್ಟರ್. ಒಂದು ಕಣ್ಣು ಊದಿ ಮುಚ್ಚಿಕೊಂಡಿತು. ಡಾಕ್ಟರಮ್ಮ ಗಂಡನನ್ನು ಹೊರಗೆ ಕಳಿಸಿ, ಹೆದರಬೇಡ, ನಿಜ ಹೇಳು ಎಂದು ಕೇಳಿದರು. ಜಾರಿ ಬಿದ್ದೆ ಎಂದು ಅವಳೆಂದಾಗ ಅವರು ನಂಬದ ಮುಖದಲ್ಲೇ ಔಷಧಿ ಚೀಟಿ ಬರೆದುಕೊಟ್ಟರು. ಗಂಡ ಅವಳನ್ನು ಮನೆಯಲ್ಲಿ ಮಲಗಿಸಿ, ಗಂಜಿ ಕುಡಿಸಿ, ಅವಳೇ ಒತ್ತಾಯ ಮಾಡಿದ ಮೇಲೆ ಮಧ್ಯಾಹ್ನ ಅಂಗಡಿಗೆ ಹೋದ.

ಅವಳಿಗೊಬ್ಬ ಅಣ್ಣ. ಗ್ಯಾಸ್ ಸಿಲಿಂಡರ್ ಹೊರುವ ಕೆಲಸ, ಕತ್ತು ತೊಡೆಯಷ್ಟು ದಪ್ಪ. ಜನ ಅವನನ್ನು ಗೂಳಿ ಎಂದೇ ಕರೆಯುತ್ತಿದ್ದರು. ಸುದ್ದಿ ತಿಳಿದು ಓಡೋಡಿ ಬಂದವನನ್ನು ಪಕ್ಕದ ಮನೆಯಾಕೆ ಮೆಟ್ಟಿಲಲ್ಲೇ ತಡೆದು ತನ್ನ ಕಿವಿಗೆ ಬಿದ್ದದ್ದನ್ನು ಒಪ್ಪಿಸಿದಳು: ಮೊದಲು ಜಗಳ, ಆಮೇಲೆ ಕೈಕಾಲು ಮುರಿಯುವ ಮಾತು, ಆಮೇಲೆ ಧಡ್ ಎಂಬ ಸದ್ದು. ಗೂಳಿ ಒಳಗೆ ಹೋಗಿ ತಂಗಿಯ ಮುಖ ನೋಡಿದ.

"ಯಾರು ಹೀಗೆ ಮಾಡಿದ್ದು?"

"ಯಾರೂ ಇಲ್ಲಣ್ಣ. ಬಾತ್‌ರೂಮಲ್ಲಿ ಜಾರಿ ಬಿದ್ದೆ."

ಅವನಿಗೆ ಬೇರೇನೂ ಕೇಳಿಸಲಿಲ್ಲ. ಈ ಮಾತನ್ನು ಅವನು ಬಾಲ್ಯವಿಡೀ ಕೇಳಿದ್ದ. ಅಪ್ಪ ಬೆಲ್ಟು ಬಿಚ್ಚಿದ ಮರುದಿನವೆಲ್ಲ ಅಮ್ಮ ನೆರೆಯವರಿಗೆ, ಅಂಗಡಿಯವನಿಗೆ, ಸ್ಕೂಲಿನ ಟೀಚರಿಗೆ ಇದನ್ನೇ ಹೇಳುತ್ತಿದ್ದಳು. ಆ ಮನೆಯ ಬಚ್ಚಲಿಗೆ ಹಾಸಿದ್ದು ಒರಟು ಕಲ್ಲು. ಬೇಕೆಂದರೂ ಯಾರೂ ಜಾರುವಂತಿರಲಿಲ್ಲ. ಅಪ್ಪನಿಗೆ ತಿರುಗಿ ಹೊಡೆಯುವಷ್ಟು ತೋಳು ಬಲಿಯುವ ಹೊತ್ತಿಗೆ ಅಪ್ಪ ಸತ್ತುಹೋಗಿದ್ದ. ಗೂಳಿ ದಡಬಡ ಮೆಟ್ಟಿಲಿಳಿದ. ತಂಗಿ ಕೂಗುತ್ತಾ ಹಿಂದೆಯೇ ಹೊರಟಳು.

ಕ್ಷೌರಿಕ ಒಬ್ಬ ಮೇಷ್ಟ್ರ ಗಲ್ಲದ ಮೇಲೆ ಕತ್ತಿ ಆಡಿಸುತ್ತಿದ್ದ. ಕನ್ನಡಿಯಲ್ಲಿ ಭಾವನ ಮುಖ ಕಂಡಿತು. ಮುಂದಾಗುವುದು ಹೊಳೆದು ಅವನು ಮೊದಲು ಮಾಡಿದ್ದೆಂದರೆ, ಕತ್ತಿಯನ್ನು ಮಡಿಸಿ ನೆಲಕ್ಕೆ ಹಾಕಿ ಬೀರುವಿನ ಅಡಿಗೆ ಒದ್ದುಬಿಟ್ಟದ್ದು. ಅಷ್ಟರಲ್ಲಿ ಗೂಳಿ ಅವನ ಕುತ್ತಿಗೆ ಹಿಡಿದು ಮುಖವನ್ನು ಕನ್ನಡಿಗೆ ಅಪ್ಪಳಿಸಿದ. ಕನ್ನಡಿ ಸೀಳಿತು. ಮೇಷ್ಟ್ರು ಅರ್ಧ ಗಡ್ಡದ ನೊರೆಯೊಂದಿಗೇ ಹೊರಗೋಡಿದರು.

"ಭಾವ, ಒಂದು ಮಾತು ಕೇಳಿ" ಎಂದ ಕ್ಷೌರಿಕ. ಮೂಗಿನಿಂದ ನೆತ್ತರು ಬಾಯಿಗಿಳಿದು ಮಾತು ಅಲ್ಲಿಗೇ ನಿಂತಿತು. ಗೂಳಿ ಹೊಟ್ಟೆಗೆ ಗುದ್ದಿದ, ಬಿದ್ದವನ ಪಕ್ಕೆಗೆ ಒದ್ದ, ಕೂದಲು ಹಿಡಿದು ಎತ್ತಿ ನಿಲ್ಲಿಸಿದ.

"ಯಾವ ಕೈಲಿ ಹೊಡೆದೆ ಅವಳನ್ನ?"

ಉತ್ತರಕ್ಕೆ ಅವನು ಕಾಯಲಿಲ್ಲ. ಕ್ಷೌರಿಕನ ಬಲಗೈಯನ್ನು ತೆರೆದ ಡ್ರಾಯರಿಗೆ ತುರುಕಿ, ಸೊಂಟದ ಬಲವೆಲ್ಲ ಹಾಕಿ ಮುಚ್ಚಿದ. ಬೆರಳು ಮುರಿದ ಸದ್ದು ಹೊರಗೆ ನಿಂತವರಿಗೂ ಕೇಳಿಸಿತು. ಒಬ್ಬರೂ ಒಳಗೆ ಬರಲಿಲ್ಲ. ಅವನು ಇನ್ನೊಮ್ಮೆ ಡ್ರಾಯರು ಎಳೆದ.

ತಂಗಿ ಬಂದು ತಲುಪಿದ್ದು ಆಗ. ಚಿಕ್ಕ ಮಕ್ಕಳನ್ನು ಕೂರಿಸಲು ಕುರ್ಚಿಯ ಕೈಗಳ ಮೇಲೆ ಅಡ್ಡ ಇಡುವ ಹಲಗೆ ಗೋಡೆಗೊರಗಿತ್ತು. ಅದನ್ನು ಒಂದೇ ಕೈಯಲ್ಲಿ ಎತ್ತಿ ಅಣ್ಣನ ತಲೆಗೆ ಬೀಸಿದಳು. ಅವನು ಹಿಂತಿರುಗಿಯೂ ನೋಡದೆ ತೋಳು ಬೀಸಿದ. ಏಟು ಅವಳ ಬಾಯಿಗೇ ಬಿತ್ತು. ಹೊಲಿಗೆ ಹರಿದು ನೆತ್ತರು ಚಿಮ್ಮಿತು.

ಆಮೇಲೆ ಅವನು ತಿರುಗಿ ನೋಡಿದ.

"ಇವತ್ತಿನವರೆಗೆ ನನ್ನ ಮೇಲೆ ಯಾರೂ ಕೈ ಮಾಡಿರಲಿಲ್ಲ" ಎಂದಳು ಅವಳು. "ಅಪ್ಪ ಕೂಡ."

ಗೂಳಿ ಕತ್ತರಿಸಿದ ಕೂದಲು, ಗಾಜಿನ ಚೂರುಗಳ ನಡುವೆ ಕುಸಿದು ಕೂತ. ಪೊಲೀಸರು ಬಂದಾಗಲೂ ಹಾಗೇ ಕೂತಿದ್ದ; ಎಬ್ಬಿಸಿದರೆ ಎದ್ದ, ನಡೆ ಎಂದರೆ ನಡೆದ.

ಕ್ಷೌರಿಕ ಆಸ್ಪತ್ರೆಯ ಹಾಸಿಗೆಯಿಂದಲೇ ದೂರು ಕೊಟ್ಟ. ಹೆಂಡತಿ ಸಾಕ್ಷಿ ಹೇಳಿದಳು. ತಾಯಿ ಅಳುತ್ತಾ ಬಂದು, ಒಡಹುಟ್ಟಿದವನು, ನಿನಗೋಸ್ಕರ ತಾನೇ ಹೋಗಿದ್ದು, ದೂರು ವಾಪಸ್ ತಗೊಳ್ಳಲು ಹೇಳು ಎಂದು ಮಗಳ ಗಲ್ಲ ಹಿಡಿದು ಬೇಡಿಕೊಂಡಳು. ಆಮೇಲೆ ಅಳಿಯ ನಿದ್ದೆಯಲ್ಲಿರುವುದನ್ನು ಖಚಿತ ಮಾಡಿಕೊಂಡು ಪಿಸುಮಾತಿನಲ್ಲಿ ಕೇಳಿದಳು: "ನನ್ನ ಹತ್ರ ಆದ್ರೂ ನಿಜ ಹೇಳು. ಇವನು ಹೊಡೆದ ತಾನೆ?"

ಮಗಳು ತಾಯಿಯ ಕೈ ಸರಿಸಿದಳು.

"ನೀನು ಆಯಸ್ಸಿಡೀ ಸುಳ್ಳುಸುಳ್ಳೇ ಜಾರಿದೆ ಅಮ್ಮ. ಅದಕ್ಕೇ ನಾನು ನಿಜವಾಗ್ಲೂ ಜಾರಿದ್ರೂ ಯಾರೂ ನಂಬ್ತಿಲ್ಲ."

ತಾಯಿ ಸೆರಗಿನೊಳಗೆ ಕೈ ಸೇರಿಸಿಕೊಂಡಳು. ಆಮೇಲೆ ಕಿರುಬೆರಳು ಸೊಟ್ಟಗಿದ್ದ ಕೈಯನ್ನು ಹೊರತೆಗೆದು ಮಂಚದ ಮೇಲಿಟ್ಟಳು. ಈ ಬೆರಳನ್ನು ಮುರಿದದ್ದು ನಿಮ್ಮಪ್ಪ ಎಂದಳು. ಬದುಕಿನಲ್ಲಿ ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ದೂರಿನ ಮಾತು ಮತ್ತೆ ಎತ್ತಲಿಲ್ಲ.

ಗಂಡ ಹೆಂಡತಿ ಮನೆಗೆ ಮರಳಿದ ಮೇಲೆ ಬಟ್ಟೆ ಮ್ಯಾಟು ಕಸಕ್ಕೆ ಹೋಯಿತು. ನೆಲ ಕಚ್ಚಿ ಹಿಡಿಯುವ ರಬ್ಬರ್ ಮ್ಯಾಟು ಬಂತು. ಸ್ನಾನ ಮುಗಿಸಿದವರು ಅದನ್ನು ಎತ್ತಿ ಗೋಡೆಗೊರಗಿಸಿ ನೀರು ಬಸಿಯಲು ಬಿಡುತ್ತಿದ್ದರು. ಆ ವಿಷಯಕ್ಕೆ ಮತ್ತೆ ಜಗಳವಾಗಲಿಲ್ಲ. ಬೇರೆ ವಿಷಯಕ್ಕೂ ಬಹಳ ಕಾಲ ಯಾರೂ ದನಿ ಏರಿಸಲಿಲ್ಲ.

ಕ್ಷೌರಿಕನ ಬೆರಳುಗಳಲ್ಲಿ ಒಂದು ಮಡಚಲು ಬಾರದೆ ಉಳಿಯಿತು. ಗಡ್ಡ ಬೋಳಿಸುವುದನ್ನು ಬಿಟ್ಟು ಕೂದಲಷ್ಟೇ ಕತ್ತರಿಸತೊಡಗಿದ. ಹೆಂಡತಿ ಹೊಲಿಗೆ ಮಿಷನ್ನನ್ನು ಅಂಗಡಿಯ ಮೂಲೆಗೇ ತಂದಿಟ್ಟುಕೊಂಡಳು.

ಜೈಲಿನಿಂದ ಬಿಡುಗಡೆಯಾದ ಗೂಳಿ ಒಂದು ಸಂಜೆ ರಸ್ತೆಯ ಆಚೆ ಬದಿ ಬಂದು ನಿಂತ. ಸೊರಗಿದ್ದ, ಅಂಗಿ ಜೋಲುತ್ತಿತ್ತು. ಅವನು ಕಣ್ಣಿಗೆ ಬಿದ್ದದ್ದೇ ತಡ ಕ್ಷೌರಿಕನ ಕೈಯಲ್ಲಿ ಕತ್ತರಿ ಕಟಕಟ ಸದ್ದು ಮಾಡತೊಡಗಿತು. ಗಿರಾಕಿಯ ಕ್ಷಮೆ ಕೇಳಿ ಕತ್ತರಿ ಕೆಳಗಿಟ್ಟ. ಹೆಂಡತಿ ಮಿಷನ್ ಬಿಟ್ಟೆದ್ದು ರಸ್ತೆ ದಾಟಿದಳು.

"ಅವರ ಕಾಲು ಹಿಡೀತೀನಿ ಪುಟ್ಟೀ, ಒಂದೇ ಒಂದು ಸಲ" ಎಂದ ಅಣ್ಣ.

"ನಿನ್ನ ನೋಡಿದ್ರೆ ಅವರ ಕೈ ನಡುಗುತ್ತೆ. ಇಲ್ಲಿಗೆ ಬರಬೇಡ ಅಣ್ಣ."

ಅವನು ತಲೆಯಾಡಿಸಿದ. ಊಟ ಮಾಡಿದ್ಯಾ ಎಂದು ಅವಳು ಕೇಳಿದಳು. ಆಯ್ತು ಎಂದ. ಅವನು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ರಸ್ತೆಯಂಚಿನಲ್ಲೇ ನಿಂತಿದ್ದಳು.