ಶಿವಗಾಮಿಯ ಕರುಪ್ಪಟ್ಟಿ ಬಿಸ್ಕತ್ತು

1
ಎಲ್ಲಿಂದ ಶುರು ಮಾಡಲಿ? ಕ್ಯಾಲೊರಿಯಿಂದಲೇ? ‘ಮನೆಯ ರಾಗಿ ಬಿಸ್ಕತ್ತಿನಲ್ಲಿ ಫೈಬರ್ ಹೆಚ್ಚು’ ಎಂದು ಬರೆದೆ. ನನಗೇ ಆಕಳಿಕೆ ಬಂತು. ಹೊಡೆದುಹಾಕಿದೆ.

1 (ಎರಡನೇ ಸಲ)
ಕೋಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯ ಶಿವಗಾಮಿ ಮೈದಾ ಮುಟ್ಟುವವಳಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿ ಮಗ್ಗದ ಮನೆಗೇ ಸೊಸೆಯಾಗಿ ಬಂದವಳು. ಅವಳ ಮಟ್ಟಿಗೆ ಮೈದಾ ಎಂದರೆ ನೂಲಿಗೆ ಹಾಕುವ ಗಂಜಿ. ನೂಲು ಬಿಗಿದಂತೆ ಕರುಳೂ ಬಿಗಿಯುತ್ತದೆ ಎಂಬುದು ಅವಳ ವಾದ. (ಆಧಾರ ಕೇಳಬೇಡಿ. ನಾನು ಕೇಳಿ ಬೈಸಿಕೊಂಡಿದ್ದೇನೆ.) ಗಂಡ ಲಿಂಗಪ್ಪನ್‌ಗೆ ಶುಗರ್ ಬಂದದ್ದೇ ತಡ, ಅಂಗಡಿ ಬಿಸ್ಕತ್ತಿಗೆ ಮನೆಯ ಬಾಗಿಲು ಮುಚ್ಚಿತು. ರಾಗಿಹಿಟ್ಟು, ತುಪ್ಪ, ಸಕ್ಕರೆಯ ಬದಲು ತಾಳೆಬೆಲ್ಲದ ಕರುಪ್ಪಟ್ಟಿ. ಕರುಪ್ಪಟ್ಟಿ ಔಷಧಿಯಲ್ಲವೇ, ಔಷಧಿಗೆ ಮಿತಿ ಉಂಟೇ? ಅವನು ತಟ್ಟೆಗಟ್ಟಲೆ ತಿಂದ. ಅವಳ ಕೈರುಚಿಯನ್ನು ಎಂದೂ ಹೊಗಳದವನು ಹೊಗಳಿಯೂ ಬಿಟ್ಟ.

3
(ಎರಡನೇ ಭಾಗವನ್ನು ಶಿವಗಾಮಿ ತೆಗೆಸಿದಳು. ಅದರಲ್ಲಿ ಅವಳ ತೂಕ ಇತ್ತು.)

ಮುಂದಿನ ರಕ್ತಪರೀಕ್ಷೆಯಲ್ಲಿ ಶುಗರ್ ಇನ್ನೂ ಏರಿತ್ತು. ಕೋಯಮತ್ತೂರಿನಲ್ಲಿ ಡಯಟಿಷಿಯನ್ ಆಗಿರುವ ಮಗಳು ಸರಣ್ಯಾ ಫೋನಿನಲ್ಲಿ ಮೆಲ್ಲಗೆ ಹೇಳಿದಳು:

“ಅಮ್ಮಾ, ಕರುಪ್ಪಟ್ಟೀನೂ ಸಕ್ಕರೆ ತಾನೇ.”

ಶಿವಗಾಮಿ ಅಡುಗೆಮನೆಯಲ್ಲೇ ಕುಸಿದು ಕುಳಿತಳು. ಕೈಯಾರೆ ತಿನ್ನಿಸಿದೆನಲ್ಲ ಎಂದು ಬಿಸ್ಕತ್ತಿನ ಡಬ್ಬಿಯನ್ನು ದೂರ ತಳ್ಳಿದಳು. ನಗೆಕಥೆ ಬರೆಯುತ್ತೇನೆಂದು ಹೊರಟ ನನಗೆ ಮುಂದೇನೆಂದು ತೋಚಲಿಲ್ಲ.

ಲಿಂಗಪ್ಪನ್‌ಗೆ ತೋಚಿತು. ಮಗ್ಗ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತ.

“ಬಿಸ್ಕತ್ತಿಂದಲ್ಲ ಶಿವಗಾಮಿ. ದಿನಾ ಬೇಕರೀಲಿ ಕ್ರೀಮ್ ಬನ್ ತಿಂದೆ. ನಿಂಗೆ ಹೇಳಲಿಲ್ಲ.”

ಅವಳು ಎದ್ದು ಅವನ ಜನ್ಮ ಜಾಲಾಡಿದಳು. ಬೈಯುತ್ತ ಬೈಯುತ್ತ ಮುಖಕ್ಕೆ ಕಳೆ ಬಂತು.

4
ಓದುಗರೇ, ಅವನು ಕ್ರೀಮ್ ಬನ್ ತಿಂದಿರಲಿಲ್ಲ. ತಿಂದನೆಂದು ನಾನು ಎಲ್ಲೂ ಬರೆದಿಲ್ಲ, ಅದು ಅವನೇ ಕಟ್ಟಿ ಹೇಳಿದ್ದು. ಏನಯ್ಯಾ ಇದು ಎಂದು ನಾನು ಕೇಳಿದರೆ, ತಿಂದೆ ಅಂತಲೇ ಬರಿ, ನಿನ್ನ ಗಂಟೇನು ಹೋಗುತ್ತೆ ಎಂದ.

ಮುಕ್ತಾಯ ಅ: ಅವಳು ನಂಬಿದಳು.

ಮುಕ್ತಾಯ ಆ: ನಂಬಲಿಲ್ಲ, ಆದರೂ ಬೈದಳು.

(ಯಾವುದು ನಿಜ ಎಂದು ಶಿವಗಾಮಿಯನ್ನೇ ಕೇಳಿದೆ. ಒಲೆ ಮೇಲೆ ಕೆಲಸವಿದೆ ಎಂದಳು.)

ಇತ್ಯಾದಿ
ಎರಡೂ ಮುಕ್ತಾಯಗಳಲ್ಲಿ ಮರುದಿನ ಅವಳು ಕರುಪ್ಪಟ್ಟಿ ಬಿಟ್ಟು, ಉಪ್ಪು ಜೀರಿಗೆ ಹಾಕಿ ಬಿಸ್ಕತ್ತು ಮಾಡಿದಳು. ಪೌಷ್ಟಿಕತೆಗೆ ಸರಣ್ಯಾ ಪೂರ್ತಿ ಅಂಕ ಕೊಟ್ಟಾಳು. ಹಲ್ಲಿಗೆ ನಾನು ಹೊಣೆಯಲ್ಲ. ಲಿಂಗಪ್ಪನ್ ಒಂದನ್ನು ಕಚ್ಚಿದ. ಅವಳು ಅವನ ಮುಖವನ್ನೇ ನೋಡುತ್ತ ನಿಂತಳು.

“ಏನುಂಗ, ಈ ಸಲ ಆದ್ರೂ ನಿಜ ಹೇಳಿ.”

ಅವನು ಅಗಿಯುತ್ತಿದ್ದಾನೆ. ಇನ್ನೂ ಅಗಿಯುತ್ತಿದ್ದಾನೆ. ಅವನು ನುಂಗುವಂತೆ ನಾನಂತೂ ಬರೆಯುವುದಿಲ್ಲ.