ಖಾನಾವಳಿಯ ಬೂದ್ಯಾ

ನಾನು ಒಂದು ಗಂಡು ಬೆಕ್ಕು. ಗದಗಿನ ಮುದ್ರಣಾಲಯವೊಂದರ ರದ್ದಿ ಕಾಗದದ ರಾಶಿಯಲ್ಲಿ ಹುಟ್ಟಿದವನು. ಇಲಿ ಹಿಡಿಯಲೆಂದು ಪ್ರೆಸ್ಸಿನವರು ನನ್ನನ್ನು ಎದುರಿನ ಖಾನಾವಳಿಯ ಗುರುಸಿದ್ದವ್ವನಿಗೆ ಕೊಟ್ಟರು. ಮೈಬಣ್ಣ ನೋಡಿ ಅವಳು ಬೂದ್ಯಾ ಎಂದು ಕರೆದಳು. ಒಲೆಯ ಮಗ್ಗುಲಿನ ಬೆಚ್ಚನೆ ಜಾಗ ನನ್ನದಾಯಿತು.

ಹರೆಯದಲ್ಲಿ ನಾನು ಜಗಳಗಂಟ. ಹಿತ್ತಿಲ ಗೋಡೆಯ ಮೇಲೆ ಕಾದಾಡಿ, ಕಚ್ಚಿಸಿಕೊಂಡು ಬರುತ್ತಿದ್ದೆ. ಒಮ್ಮೆ ಒಸಡು ಬಾತು ಹಾಲೂ ಒಳಗಿಳಿಯದಾಯಿತು. ಗುರುಸಿದ್ದವ್ವ ನನ್ನನ್ನು ಬುಟ್ಟಿಯಲ್ಲಿಟ್ಟುಕೊಂಡು ದನದ ದವಾಖಾನೆಗೆ ಒಯ್ದಳು. ಡಾಕ್ಟರ್ ಮುಮ್ತಾಜ್ ನದಾಫ್ ರಕ್ತ ಪರೀಕ್ಷಿಸಿ ಹೇಳಿದರು: "ಇದಕ್ಕ ಬೆಕ್ಕಿನ ಏಡ್ಸ್ ಅಂತಾರ್ರಿ. ಮನಷ್ಯಾರಿಗೆ ಹತ್ತೂದಿಲ್ಲ. ಈ ವೈರಸ್ಸಿನಾಗ ಭಾಳ ಥರ ಅದಾವು. ಇವಂದು ಯಾವುದಂತ ತಿಳ್ಕೊಳ್ಳಾಕ ದೊಡ್ಡ ಲ್ಯಾಬಿಗೆ ರಕ್ತ ಕಳಸ್ತೀನಿ."

ಗುರುಸಿದ್ದವ್ವನ ಕಿವಿಗೆ ಬಿದ್ದದ್ದು ಒಂದೇ ಮಾತು. ಊರಿನ ಕಿವಿಗೂ ಅದೇ ಬಿತ್ತು. ಮರುದಿನ ಊಟಕ್ಕೆ ಕೂತ ಕಂಡಕ್ಟರ್ ಈರಣ್ಣ ತಾಟು ಸರಿಸಿದ. "ಅವ್ವಾರ, ಏಡ್ಸ್ ಬೆಕ್ಕು ಸಾಕ್ಕೊಂಡು ರೊಟ್ಟಿ ಬಡೀತೀರೇನ್ರಿ?"

ಉಣ್ಣುವವರ ಕೈಗಳೆಲ್ಲ ನಿಂತವು. ಗುರುಸಿದ್ದವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅಂದು ಸಂಜೆ ನನ್ನನ್ನು ಗೋಣಿಚೀಲಕ್ಕೆ ಹಾಕಿದಳು. ಮತ್ತೆ ಡಾಕ್ಟರ ಹತ್ತಿರ ಒಯ್ಯುತ್ತಾಳೆಂದುಕೊಂಡು ನಾನು ಸದ್ದು ಮಾಡದೆ ಕೂತೆ. ಮುಚ್ಚಿಹೋದ ಹತ್ತಿ ಗಿರಣಿಯ ಗೇಟಿನ ಬಳಿ ಚೀಲ ಬಿಚ್ಚಿದಳು. ಹಿಂದೆ ನೋಡದೆ ನಡೆದಳು.

ಗಿರಣಿಯಲ್ಲಿ ಎಷ್ಟೋ ದಿನ ಹಸಿದುಕೊಂಡು ಬಿದ್ದಿದ್ದೆ. ಆಗ ಖಾನಾವಳಿಯಲ್ಲಿ ನಡೆದದ್ದನ್ನು ಆಮೇಲೆ ಅವಳೇ ಹಿಟ್ಟು ನಾದುತ್ತ ನನಗೆ ಹೇಳಿದಳು. ಲ್ಯಾಬಿನ ಸುದ್ದಿ ಬಂದಿತ್ತು. ಡಾಕ್ಟರ್ ತಾವೇ ಬಂದು ಎಲ್ಲರೆದುರು ಹೇಳಿದ್ದರು: "ಇದರ ಒಂದೊಂದು ಥರ ಬೆಕ್ಕನ್ನ ಲಗೂನ ಕೊಲ್ತಾವು. ಇವಂದು ಅಷ್ಟು ಜೋರಿಂದಲ್ಲ, ಆರೈಕಿ ಮಾಡಿದ್ರ ಭಾಳ ವರ್ಷ ಬದುಕ್ತಾನ. ಹೊರಗ ಮಾತ್ರ ಬಿಡಬ್ಯಾಡ್ರಿ. ಇವ ಕಚ್ಚಿದ್ರ ಬ್ಯಾರೆ ಬೆಕ್ಕಿಗೆ ಹತ್ತತೈತಿ. ಎಲ್ಲಿ ಅದಾನ?"

"ಓಡಿ ಹೋದ್ನ್ರಿ," ಎಂದಿದ್ದಳು ಗುರುಸಿದ್ದವ್ವ.

"ಅಯ್ಯ ಪಾಪ," ಎಂದು ಡಾಕ್ಟರ್ ಅವಳನ್ನೇ ಸಮಾಧಾನ ಮಾಡಿದರಂತೆ. ಆ ಸಮಾಧಾನವೇ ಅವಳನ್ನು ಸುಟ್ಟಿತು. ಒಲೆ ಆರಿಸಿ ಗಿರಣಿಗೆ ಓಡಿ ಬಂದಳು. ಬೂದ್ಯಾ ಎಂದು ಕೂಗಿದಳು. ನಾನು ಪಾಳುಗೋಡೆಯ ಮರೆಯಲ್ಲೇ ಇದ್ದೆ, ಹೋಗಲಿಲ್ಲ. ಕೂಗುವ ಧ್ವನಿ ಒಡೆದು ಅಳುವಾದಾಗ ಕಾಲುಗಳು ತಾವಾಗಿಯೇ ನಡೆದವು.

ಮರುದಿನ ಊಟದ ಹೊತ್ತಿಗೆ ನನ್ನನ್ನೆತ್ತಿಕೊಂಡು ಎಲ್ಲರ ನಡುವೆ ನಿಂತಳು. "ಇವ ಓಡಿ ಹೋಗಿದ್ದಿಲ್ಲ. ನಾನ ಬಿಟ್ಟು ಬಂದಿದ್ದೆ. ಉಣ್ಣೋರು ಉಣ್ರಿ, ಒಲ್ಲದವ್ರು ಬಿಡ್ರಿ." ಕೆಲವರು ಎದ್ದು ಹೋದರು, ಮತ್ತೆ ಬರಲೇ ಇಲ್ಲ. ಈರಣ್ಣ ತಲೆ ತಗ್ಗಿಸಿ ರೊಟ್ಟಿ ಮುರಿದ.

ಈಗ ನಾನು ಮುದುಕ. ಹಲ್ಲುದುರಿವೆ, ಜಾಲರಿ ಕಿಟಕಿಯ ಒಳಗೇ ಬಿಸಿಲು ಕಾಯಿಸುತ್ತೇನೆ. ಗುರುಸಿದ್ದವ್ವ ಇಂದಿಗೂ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಳು. ನಾನು ನೋಡಿದರೆ ಕೆಲಸವಿಲ್ಲದಿದ್ದರೂ ಎದ್ದು ಹೋಗುತ್ತಾಳೆ. ಗಿರಣಿಯಲ್ಲಿ ಬಿಟ್ಟದ್ದನ್ನು ಅಂದೇ ಮರೆತೆನೆಂದು ಹೇಳಲು ನನಗೆ ಮಾತು ಬಾರದು. ಅವಳ ಕಾಲಿಗೆ ತಲೆ ಉಜ್ಜುತ್ತೇನೆ. ಅದನ್ನು ಹಸಿವೆಂದೇ ತಿಳಿದು ಅವಳು ಮತ್ತಿಷ್ಟು ಹಾಲು ಸುರಿಯುತ್ತಾಳೆ.